ಚಾಚಿದ ಕೈಗಳ ನಡುವೆ

ಮ್ಯಾರಥಾನ್ ಓಟದ ದೂರ 42.195 ಕಿಲೋಮೀಟರ್. ನಲವತ್ತಕ್ಕೋ ನಲವತ್ತೈದಕ್ಕೋ ಸರಿಯಾಗಿ ನಿಲ್ಲದೆ ಬಾಲದಲ್ಲಿ ನೂರತೊಂಬತ್ತೈದು ಮೀಟರನ್ನು ಕಟ್ಟಿಕೊಂಡಿರುವ ಈ ಲೆಕ್ಕ ಎಲ್ಲಿಂದ ಬಂತೆಂದು ಕೇಳುವವರುಂಟು. 1896ರಲ್ಲಿ ಅಥೆನ್ಸಿನಲ್ಲಿ ಮೊದಲ ಆಧುನಿಕ ಒಲಿಂಪಿಕ್ಸ್ ನಡೆದಾಗ ಈ ಓಟ ಸುಮಾರು 40 ಕಿಲೋಮೀಟರಿನದಾಗಿತ್ತು. ಅಂದು ಗೆದ್ದವನು ನೀರು ಹೊತ್ತು ಜೀವನ ಸಾಗಿಸುತ್ತಿದ್ದ ಸ್ಪಿರಿಡನ್ ಲೂಯಿಸ್ ಎಂಬ ಗ್ರೀಕ್ ತರುಣ. ಮುಂದೆ 1908ರಲ್ಲಿ ಲಂಡನ್ನಿನ ಓಟ ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದಲ್ಲಿ ರಾಜಮನೆತನದವರ ಆಸನದ ಮುಂದೆ ಮುಗಿಯಿತು. ಆ ದಾರಿಯ ಅಳತೆ 26 ಮೈಲಿ 385 ಗಜ. 1921ರಲ್ಲಿ ಅದೇ ಅಳತೆ ಜಗತ್ತಿಗೆಲ್ಲ ನಿಯಮವಾಯಿತು.

ಆ 1908ರ ಓಟವನ್ನು ಜನ ನೆನೆಯುವುದು ದೂರದ ಕಾರಣಕ್ಕಿಂತ ಹೆಚ್ಚಾಗಿ ಡೊರಾಂಡೊ ಪಿಯೆತ್ರಿ ಎಂಬ ಇಟಲಿಯವನ ಕಾರಣಕ್ಕೆ. ಕ್ರೀಡಾಂಗಣವನ್ನು ಎಲ್ಲರಿಗಿಂತ ಮೊದಲು ಹೊಕ್ಕವನು ಆತನೇ. ಆದರೆ ದೇಹ ಅಷ್ಟರಲ್ಲೇ ಬರಿದಾಗಿತ್ತು. ದಿಕ್ಕು ತಪ್ಪಿ ಹಿಂದುಮುಂದಾಗಿ ತಿರುಗಿದ. ಬಿದ್ದ, ಎದ್ದ, ಮತ್ತೆ ಬಿದ್ದ. ನೋಡಲಾರದ ಅಧಿಕಾರಿಗಳು ಕೈಹಿಡಿದು ಎತ್ತಿ ನಿಲ್ಲಿಸಿದರು. ಆತ ಗೆರೆ ದಾಟಿದ. ಆದರೆ ಪರರ ಸಹಾಯ ಪಡೆದನೆಂಬ ಕಾರಣಕ್ಕೆ ಅವನನ್ನು ಸ್ಪರ್ಧೆಯಿಂದ ಹೊರಗಿಟ್ಟು, ಎರಡನೆಯವನಾಗಿ ಬಂದ ಅಮೆರಿಕದ ಜಾನಿ ಹೇಯ್ಸ್‌ನಿಗೆ ಚಿನ್ನದ ಪದಕ ಕೊಟ್ಟರು. ಮರುದಿನ ರಾಣಿ ಅಲೆಕ್ಸಾಂಡ್ರಾ ಪಿಯೆತ್ರಿಗೆ ಬೇರೆಯೇ ಒಂದು ಬಟ್ಟಲನ್ನು ಉಡುಗೊರೆಯಾಗಿತ್ತಳು.

ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಮ್ಯಾರಥಾನ್ ಓಡುವ ಅವಕಾಶ ಸಿಕ್ಕಿದ್ದು 1984ರಲ್ಲಿ, ಲಾಸ್ ಏಂಜಲೀಸಿನಲ್ಲಿ. ಆ ಮೊದಲ ಓಟದಲ್ಲಿ ಸ್ವಿಟ್ಜರ್ಲೆಂಡಿನ ಗೇಬ್ರಿಯೆಲಾ ಆಂಡರ್ಸನ್-ಶೀಸ್ ಬಿಸಿಲಿನ ತಾಪದಿಂದ ದೇಹ ಒಂದು ಕಡೆಗೆ ವಾಲಿ, ತೂರಾಡುತ್ತ ಕೊನೆಯ ಸುತ್ತು ಬಂದಳು. ವೈದ್ಯರು ಜೊತೆಯಲ್ಲೇ ಹೆಜ್ಜೆ ಹಾಕಿದರೂ ಮುಟ್ಟಲಿಲ್ಲ. ಮುಟ್ಟಿದರೆ ಅವಳ ಓಟ ಅಲ್ಲಿಗೆ ಮುಗಿಯುತ್ತಿತ್ತು. ಅವಳಿಗೂ ಅದು ಬೇಡವಾಗಿತ್ತು. ಅವಳು ತನ್ನ ಕಾಲ ಮೇಲೆಯೇ ಗೆರೆ ದಾಟಿದಳು.

ಸ್ಪರ್ಧೆಯ ನಿಯಮ ನ್ಯಾಯವಾದದ್ದೇ. ಒಬ್ಬನಿಗೆ ಊರುಗೋಲು ಕೊಟ್ಟು ಇನ್ನೊಬ್ಬನನ್ನು ಬರಿಗೈಯಲ್ಲಿ ಓಡಿಸುವುದು ಸಲ್ಲದು. ಆದರೆ ಇಂದಿನ ಮಹಾನಗರಗಳ ಮ್ಯಾರಥಾನಿನಲ್ಲಿ ಪದಕಕ್ಕಾಗಿ ಓಡುವವರು ಬೆರಳೆಣಿಕೆಯ ಮಂದಿ. ಉಳಿದ ಸಾವಿರಾರು ಜನ ನನ್ನಂಥವರು. ನಮ್ಮ ಓಟದ ಬಗೆಯೇ ಬೇರೆ. 2020ರ ಜನವರಿ 19ರಂದು ಮುಂಬಯಿ ಮ್ಯಾರಥಾನಿನಲ್ಲಿ ಓಡಿದ ಮೇಲೆ, ಎತ್ತಿ ನಿಲ್ಲಿಸಿದ ಆ ಲಂಡನ್ನಿನ ಕೈಗಳ ಬಗ್ಗೆ ನಾನು ಹಲವು ಬಾರಿ ಯೋಚಿಸಿದ್ದೇನೆ.

ಮುಂಬಯಿಯ ಈ ಓಟ ಆರಂಭವಾದದ್ದು 2004ರಲ್ಲಿ. ಜನವರಿಯ ಒಂದು ಭಾನುವಾರ ನಸುಕಿನಲ್ಲಿ ನಗರದ ಮುಖ್ಯ ರಸ್ತೆಗಳಲ್ಲಿ ವಾಹನ ನಿಂತು ಮನುಷ್ಯರ ಕಾಲುಗಳಿಗೆ ಎಡೆ ಸಿಗುತ್ತದೆ. 2020ರಲ್ಲಿ ಎಲ್ಲ ವಿಭಾಗಗಳೂ ಸೇರಿ 55,000ಕ್ಕೂ ಹೆಚ್ಚು ಜನ ಪಾಲ್ಗೊಂಡಿದ್ದರು. ಪೂರ್ಣ ದೂರ ಓಡುವವರಲ್ಲದೆ ಅರ್ಧ ಮ್ಯಾರಥಾನಿನವರು, ಹಿರಿಯ ನಾಗರಿಕರು, ಅಂಗವಿಕಲರು, ಸೇವಾಸಂಸ್ಥೆಗಳಿಗೆ ಹಣ ಕೂಡಿಸಲು ಬಣ್ಣಬಣ್ಣದ ವೇಷ ತೊಟ್ಟು ಕೆಲವೇ ಕಿಲೋಮೀಟರ್ ನಡೆಯುವವರು, ಹೀಗೆ ಬಗೆಬಗೆಯ ಜನ.

ನಾನು ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಬಹುಕಾಲ ಪಾಠ ಹೇಳಿದವಳು. ಊರು ಕಾರ್ಕಳದ ಕಡೆ. ಮದುವೆಯಾಗಿ ಬೊರಿವಲಿಗೆ ಬಂದವಳು. 2016ರ ಮಳೆಗಾಲದಲ್ಲಿ ನನ್ನ ಯಜಮಾನರು ತೀರಿಕೊಂಡರು. ಆಮೇಲಿನ ವಾರಗಳಲ್ಲಿ ನೆರೆಹೊರೆಯವರು ನನ್ನನ್ನು ಒಲೆ ಹಚ್ಚಲು ಬಿಡಲಿಲ್ಲ. ಗುಜರಾತಿ ಮನೆಯ ಖಿಚಡಿ, ಮರಾಠಿ ಮನೆಯ ಪೋಳಿ ಭಾಜಿ, ನಮ್ಮವರ ಮನೆಯ ಗಂಜಿ ಮತ್ತು ಚಟ್ನಿ, ಒಂದರ ಹಿಂದೊಂದು ಪಾತ್ರೆ ಬಾಗಿಲಿಗೆ ಬಂತು.

ನಮ್ಮ ಕಡೆ ಒಂದು ಪದ್ಧತಿ ಇದೆ. ನೆರೆಮನೆಯಿಂದ ಬಂದ ಪಾತ್ರೆಯನ್ನು ಖಾಲಿಯಾಗಿ ಮರಳಿಸಬಾರದು. ಬೇರೇನೂ ಇಲ್ಲದಿದ್ದರೆ ಒಂದು ಹಿಡಿ ಅಕ್ಕಿಯನ್ನೋ ಬೆಲ್ಲದ ಚೂರನ್ನೋ ಹಾಕಿ ಕೊಡಬೇಕು. ಅಮ್ಮ ಕಲಿಸಿದ ಈ ಪಾಠ ನನ್ನ ರಕ್ತದಲ್ಲಿತ್ತು. ಆದರೆ ಆ ದಿನಗಳಲ್ಲಿ ಪಾತ್ರೆ ತುಂಬಿಸುವ ಶಕ್ತಿ ನನ್ನಲ್ಲಿರಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ತೊಳೆದು ಬೋರಲು ಹಾಕಿದ ಪರರ ಪಾತ್ರೆಗಳ ಸಾಲು ಬೆಳೆಯಿತು. ಅದನ್ನು ನೋಡಿದಾಗಲೆಲ್ಲ ದುಃಖದ ಜೊತೆಗೆ ಸಾಲದ ಭಾರವೂ ಎದೆಯ ಮೇಲೆ ಕುಳಿತಂತಾಗುತ್ತಿತ್ತು. ಕೊಡುವುದರಲ್ಲಿ ಒಂದು ಸಮಾಧಾನವಿದೆ; ಕೊಟ್ಟವನ ತಲೆ ಎತ್ತಿರುತ್ತದೆ. ಪಡೆಯುವುದು ಹಾಗಲ್ಲ. ಪಡೆಯುವವನು ಕೈಯನ್ನು ಮೊದಲು ಬರಿದು ಮಾಡಿ ತೋರಿಸಬೇಕು.

2017ರಲ್ಲಿ ನಾನು ಓಡಲು ಹೊರಟದ್ದಕ್ಕೆ ಇದೂ ಒಂದು ಕಾರಣವಿರಬೇಕು. ಓಟಕ್ಕೆ ಯಾರ ಹಂಗೂ ಬೇಡ. ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ ಬೆಳಗ್ಗೆ ಬೇಗ ತೆರೆಯುತ್ತದೆ. ಒಳಗೆ ಕಾನ್ಹೇರಿ ಗುಹೆಗಳತ್ತ ಹೋಗುವ ರಸ್ತೆ ಕಾಡಿನ ನಡುವೆ ಸಾಗಿ ಕೊನೆಗೆ ಏರುತ್ತದೆ. ಮೊದಲು ಅದರಲ್ಲಿ ನಡೆದೆ. ಆಮೇಲೆ ಎರಡು ವಿದ್ಯುತ್ ಕಂಬಗಳ ನಡುವಿನಷ್ಟು ದೂರ ಓಡಿದೆ. ಮತ್ತೆ ಮೂರು ಕಂಬ, ನಾಲ್ಕು ಕಂಬ. ಎರಡು ವರ್ಷಗಳಲ್ಲಿ ಅರ್ಧ ಮ್ಯಾರಥಾನ್ ಮುಗಿಸಿದೆ. ಪೂರ್ಣ ಮ್ಯಾರಥಾನಿಗೆ ಹೆಸರು ಕೊಟ್ಟೆನೆಂದು ಊರಿಗೆ ಫೋನು ಮಾಡಿದಾಗ ಅಕ್ಕ ಬೈದಳು. "ಐವತ್ತು ವರ್ಷ ಆಯಿತು ನಿನಗೆ. ಹಟ ಸಾಧಿಸಲು ಬೇರೆ ದಾರಿ ಇಲ್ಲವಾ ಮಾರಾಯ್ತಿ?" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀರು ಸರಿಯಾಗಿ ಕುಡಿ" ಎಂದೂ ಸೇರಿಸಿದಳು.

ತರಬೇತಿ ಎಂದರೆ ದಿನವೂ ಓಡುತ್ತಲೇ ಇರುವುದಲ್ಲ. ಸುಮಾರು ಐದು ತಿಂಗಳ ಕಾಲ ವಾರಕ್ಕೆ ನಾಲ್ಕು ದಿನ ಓಟ; ವಾರಕ್ಕೊಮ್ಮೆ ದೀರ್ಘ ಓಟ. ಹದಿನೈದು, ಹದಿನೆಂಟು, ಇಪ್ಪತ್ತೈದು ಕಿಲೋಮೀಟರ್, ಹೀಗೆ ಮೂವತ್ತೆರಡರವರೆಗೆ ಏರಿಸುತ್ತ ಹೋಗಿ, ಕೊನೆಯ ಎರಡು ಮೂರು ವಾರ ಇಳಿಸುತ್ತ ಬರಬೇಕು. ದಣಿದ ಸ್ನಾಯುಗಳು ದುರಸ್ತಿಯಾಗಲು ಆ ವಿರಾಮ ಅಗತ್ಯ. ಬಟ್ಟೆ ಉಜ್ಜುವ ಕಡೆ ವ್ಯಾಸಲೀನ್ ಹಚ್ಚಬೇಕು. ಕಾಲಿನ ಹೆಬ್ಬೆರಳ ಉಗುರು ಕಪ್ಪಾಗಿ ಬಿದ್ದುಹೋದರೆ ಗಾಬರಿಪಡಬಾರದು. ಮುಂಬಯಿಯ ಸೆಕೆಯಲ್ಲಿ ಬೆವರಿನೊಂದಿಗೆ ಉಪ್ಪೂ ಹೋಗುವುದರಿಂದ ಬರಿಯ ನೀರನ್ನು ಅತಿಯಾಗಿ ಕುಡಿಯುವುದೂ ಅಪಾಯ. ರಕ್ತದ ಸೋಡಿಯಂ ಇಳಿಯುತ್ತದೆ. ಇದೆಲ್ಲವನ್ನೂ ನಾನು ಶ್ರದ್ಧೆಯಿಂದ ಕಲಿತೆ. ದಾರಿಬದಿಯ ಜನರ ಬಗ್ಗೆ ಮಾತ್ರ ಯಾರೂ ಪಾಠ ಹೇಳಿರಲಿಲ್ಲ.

ಕತ್ತಲು ಹರಿಯುವ ಮೊದಲೇ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನ ಎದುರಿನಿಂದ ನಾವು ಹೊರಟೆವು. ಸಾವಿರಾರು ಜನ ಒಟ್ಟಿಗೆ ಓಡುವಾಗ ಮಾತು ಕಡಿಮೆ. ಬೂಟುಗಳ ಸದ್ದು ಮಾತ್ರ ಡಾಂಬರಿನ ಮೇಲೆ ಮಳೆ ಸುರಿದಂತೆ ಕೇಳುತ್ತದೆ. ಮರೀನ್ ಡ್ರೈವಿನ ದೀಪಗಳ ಸಾಲು, ಗಿರ್‌ಗಾಂವ್ ಚೌಪಾಟಿ, ಕೆಂಪ್ಸ್ ಕಾರ್ನರ್, ಪೆಡ್ಡರ್ ರೋಡಿನ ಏರು, ಅದನ್ನಿಳಿದರೆ ಸಮುದ್ರದ ನಡುವೆ ಹಾಜಿ ಅಲಿ ದರ್ಗಾ. ವರ್ಳಿಗೆ ಬರುವಷ್ಟರಲ್ಲಿ ಬೆಳಕು ಮೂಡಿತು.

ವರ್ಳಿಯಿಂದ ಬಾಂದ್ರಾಕ್ಕೆ 2009ರಲ್ಲಿ ತೆರೆದ ಸೀ ಲಿಂಕ್ ಸೇತುವೆಯ ಮೇಲೆ ಪಾದಚಾರಿಗಳಿಗೆ ಪ್ರವೇಶವಿಲ್ಲ. ಸುಮಾರು ಐದೂವರೆ ಕಿಲೋಮೀಟರ್ ಉದ್ದದ ಆ ಸೇತುವೆಯನ್ನು ಕಾಲ್ನಡಿಗೆಯಲ್ಲಿ ಕಾಣುವ ಭಾಗ್ಯ ಓಟದ ದಿನ ಓಟಗಾರರಿಗೆ ಮಾತ್ರ. ಅಲ್ಲಿ ಪ್ರೇಕ್ಷಕರಿಲ್ಲ. ಮೇಲೆ ಬಿಗಿದ ಉಕ್ಕಿನ ಹಗ್ಗಗಳು, ಕೆಳಗೆ ಸಮುದ್ರ, ನಡುವೆ ನಮ್ಮ ಉಸಿರು. ಆ ಮೌನ ನನಗೆ ಹಿಡಿಸಿತು. ಯಾರೂ ನೋಡುತ್ತಿಲ್ಲ, ಯಾರಿಗೂ ಏನನ್ನೂ ಹೇಳಬೇಕಾಗಿಲ್ಲ. ನಾನು ಬಯಸಿ ಬಂದಿದ್ದ ಓಟ ಇದೇ ಎನಿಸಿತು.

ಅಲ್ಲಿ ಒಬ್ಬ ಅಂಧ ಓಟಗಾರರನ್ನು ಕಂಡೆ. ಅವರ ಕೈಯಲ್ಲೊಂದು ಗೇಣುದ್ದದ ಹಗ್ಗ. ಅದರ ಇನ್ನೊಂದು ತುದಿ ಪಕ್ಕದ ತರುಣನ ಕೈಯಲ್ಲಿ. ಇಬ್ಬರ ಹೆಜ್ಜೆಯೂ ಒಂದೇ ತಾಳದಲ್ಲಿತ್ತು. ತರುಣ ಎಳೆಯುತ್ತಿರಲಿಲ್ಲ, ತಳ್ಳುತ್ತಲೂ ಇರಲಿಲ್ಲ. ತಿರುವು ಬಂದಾಗ ಒಂದು ಮಾತು, ಉಬ್ಬು ಬಂದಾಗ ಇನ್ನೊಂದು ಮಾತು, ಅಷ್ಟೆ. ಓಡುತ್ತಿದ್ದವರು ಅವರೇ. ಹಗ್ಗದಿಂದ ಅವರ ಓಟ ಸಣ್ಣದಾಗಿ ಕಾಣಲಿಲ್ಲ. ಬಹಳ ದೂರ ಅವರ ಹಿಂದೆಯೇ ಓಡಿದೆ.

ಸೇತುವೆ ಇಳಿದು ಮಾಹಿಮಿನ ಕಡೆ ತಿರುಗಿದ ಕೂಡಲೇ ಲೋಕ ಬದಲಾಯಿತು. ರಸ್ತೆಯ ಎರಡೂ ಬದಿ ಜನ! ಬುಧವಾರದ ನೊವೆನಾಕ್ಕೆ ಹೆಸರಾದ ಸಂತ ಮೈಕಲರ ದೇವಾಲಯದ ಹತ್ತಿರ ಭಾನುವಾರದ ಬಲಿಪೂಜೆಗೆ ಬಂದವರು ಹಬ್ಬದ ಉಡುಪಿನಲ್ಲೇ ನೀರಿನ ಲೋಟ ಹಿಡಿದು ನಿಂತಿದ್ದರು. ಅದೇ ಮಾಹಿಮಿನಲ್ಲಿ ಟೋಪಿ ತೊಟ್ಟ ಹುಡುಗರು ಖರ್ಜೂರ ಹಂಚುತ್ತಿದ್ದರು. ಮುಂದೆ ಪ್ರಭಾದೇವಿಯಲ್ಲಿ, ಸಿದ್ಧಿವಿನಾಯಕ ಗುಡಿಯ ಆಸುಪಾಸಿನಲ್ಲಿ ನೆಲಗಡಲೆ ಚಿಕ್ಕಿ, ಬಾಳೆಹಣ್ಣು, ಗ್ಲುಕೋಸ್ ಬಿಸ್ಕತ್ತು. ಆಯೋಜಕರ ನೀರಿನ ಮೇಜುಗಳು ಬೇರೆ ಇದ್ದವು. ಇವರು ಯಾರೂ ಆಯೋಜಕರಲ್ಲ. ತಮ್ಮ ಅಡುಗೆಮನೆಯಿಂದ ತಟ್ಟೆ ಹಿಡಿದು ರಸ್ತೆಗಿಳಿದವರು. ಬ್ಯಾಂಡು ಬಾರಿಸುವವರು, ಸ್ಟೀಲ್ ತಟ್ಟೆ ಬಡಿಯುವವರು, ನೋವಿನ ಸ್ಪ್ರೇ ಹಿಡಿದು ಓಟಗಾರರ ಕಾಲಿಗೆ ಸಿಂಪಡಿಸುವವರು. "ಥೋಡಾ ಹೀ ಬಾಕೀ ಹೈ" ಎಂದು ಎಲ್ಲರೂ ಕೂಗುತ್ತಿದ್ದರು. ಆಗ ಇನ್ನೂ ಹದಿನೈದು ಕಿಲೋಮೀಟರ್ ಉಳಿದಿತ್ತು. ಇಷ್ಟು ಪ್ರೀತಿಯಿಂದ ಹೇಳುವ ಸುಳ್ಳನ್ನು ನಾನು ಬೇರೆಲ್ಲೂ ಕೇಳಿಲ್ಲ.

ಮೊದಮೊದಲು ನಾನು ಮುಗುಳ್ನಕ್ಕು ತಲೆಯಾಡಿಸಿ ಮುಂದೆ ಸಾಗಿದೆ. ಸೊಂಟದ ಪಟ್ಟಿಯಲ್ಲಿ ನನ್ನದೇ ನೀರು, ಉಪ್ಪು, ಖರ್ಜೂರ ಇದ್ದವು. ಎಲ್ಲವನ್ನೂ ಲೆಕ್ಕ ಹಾಕಿ ತಂದಿದ್ದೆ.

ಓಟಗಾರರು 'ಗೋಡೆ' ಎಂದು ಕರೆಯುವ ಒಂದು ಸ್ಥಿತಿಯಿದೆ. ಯಕೃತ್ತು ಮತ್ತು ಸ್ನಾಯುಗಳಲ್ಲಿ ದೇಹ ಕೂಡಿಟ್ಟ ಗ್ಲೈಕೋಜೆನ್ ಸುಮಾರು ಮೂವತ್ತು ಕಿಲೋಮೀಟರ್ ದಾಟುವ ಹೊತ್ತಿಗೆ ಮುಗಿಯುತ್ತ ಬರುತ್ತದೆ. ಆಮೇಲೆ ದೇಹ ಕೊಬ್ಬನ್ನು ಹೆಚ್ಚಾಗಿ ನೆಚ್ಚಬೇಕು. ಅದು ನಿಧಾನವಾಗಿ ಉರಿಯುವ ಸೌದೆ. ಕಾಲು ಸೀಸದಂತಾಗುತ್ತದೆ, ಮನಸ್ಸು ಮಂಕಾಗುತ್ತದೆ. ಸರಳ ಕೂಡುಲೆಕ್ಕವೂ ತಲೆಗೆ ಹತ್ತುವುದಿಲ್ಲ. ಮುಂಬಯಿಯಲ್ಲಿ ಈ ಗೋಡೆಯ ಜೊತೆಗೆ ಒಂಬತ್ತು ಗಂಟೆಯ ಬಿಸಿಲೂ ಸೇರುತ್ತದೆ. ಅದೂ ಸಾಲದೆಂಬಂತೆ, ನಸುಕಿನಲ್ಲಿ ಸುಲಭವಾಗಿ ದಾಟಿದ್ದ ಪೆಡ್ಡರ್ ರೋಡಿನ ಏರು ಮರಳಿ ಬರುವಾಗ ಮೂವತ್ತೈದನೆಯ ಕಿಲೋಮೀಟರಿನ ಆಸುಪಾಸಿನಲ್ಲಿ ಮತ್ತೆ ಎದುರಾಗುತ್ತದೆ.

ಆ ಏರಿನ ನಡುವೆ ನನ್ನ ಎಡ ಮೀನಖಂಡ ಹಿಡಿದುಕೊಂಡಿತು. ಕಲ್ಲಿನಂತೆ ಗಟ್ಟಿಯಾದ ಸ್ನಾಯು ಚರ್ಮದಡಿ ತಾನಾಗಿ ಹೊರಳುತ್ತಿತ್ತು. ಫುಟ್‌ಪಾತಿನ ಅಂಚಿಗೆ ಕುಳಿತೆ. ನನ್ನ ನೀರು ಮುಗಿದಿತ್ತು. ಉಪ್ಪಿನ ಪೊಟ್ಟಣ ಬೆವರಿಗೆ ಒದ್ದೆಯಾಗಿ ಕರಗಿಹೋಗಿತ್ತು. ರಸ್ತೆಯನ್ನು ವಾಹನಗಳಿಗೆ ತೆರೆಯುವ ಹೊತ್ತು ಹತ್ತಿರವಾಗುತ್ತಿತ್ತು. ಲೆಕ್ಕ ಹಾಕಿ ತಂದದ್ದು ಯಾವುದೂ ಉಳಿದಿರಲಿಲ್ಲ.

ಎದುರಿನ ಕಟ್ಟಡದ ವಾಚ್‌ಮನ್ ಓಡಿ ಬಂದ. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ, ಉತ್ತರದ ಕಡೆಯವನು. "ಮಾತಾಜೀ, ಪೈರ್ ಸೀಧಾ ರಖಿಯೇ" ಎಂದು ಹೇಳಿ, ನಾನು ಬೇಡವೆನ್ನುವ ಮೊದಲೇ ಮಂಡಿಯೂರಿ ನನ್ನ ಬೂಟು ಬಿಚ್ಚಿದ. ಹಿಮ್ಮಡಿಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಕಾಲ್ಬೆರಳುಗಳನ್ನು ನನ್ನ ಕಡೆಗೆ ಒತ್ತಿದ. ಮೂವತ್ತು ವರ್ಷ ಮಕ್ಕಳಿಂದ ನಮಸ್ಕಾರ ಪಡೆದ ಮಾಸ್ತರಿಣಿಯ ಬೆವರು ನಾರುವ ಪಾದ ಒಬ್ಬ ಅಪರಿಚಿತನ ತೊಡೆಯ ಮೇಲಿತ್ತು. ಏಳೆಂಟು ವರ್ಷದ ಒಬ್ಬ ಹುಡುಗಿ ತಟ್ಟೆ ತಂದಳು. ಉಪ್ಪು ಸವರಿದ ಕಿತ್ತಳೆ ತೊಳೆಗಳು. ನನ್ನ ಬೆರಳುಗಳು ನಡುಗುತ್ತಿದ್ದವು. ಅವಳೇ ಒಂದೊಂದಾಗಿ ನನ್ನ ಅಂಗೈಗೆ ಇಟ್ಟಳು. ನಾಲ್ಕು ತಿಂದೆ. ಐದನೆಯದನ್ನೂ ಕೊಟ್ಟಳು.

ಸ್ನಾಯು ಸಡಿಲವಾಯಿತು. ಹುಡುಗ ಬೂಟು ತೊಡಿಸಿ ಲಾಡಿ ಕಟ್ಟಿದ. ನಿನ್ನ ಕೆಲಸಕ್ಕೆ ತೊಂದರೆಯಾಯಿತಲ್ಲ ಎಂದೆ. ರಾತ್ರಿ ಪಾಳಿ ಆಗಲೇ ಮುಗಿದಿದೆ, ಓಟ ನೋಡಲೆಂದು ನಿಂತಿದ್ದೇನೆ ಎಂದ. ಅಂದರೆ ಇಡೀ ರಾತ್ರಿ ಕಾಲ ಮೇಲೆ ನಿಂತವನು ನನ್ನ ಕಾಲು ಹಿಡಿದಿದ್ದ. ಕೊಡಲು ನನ್ನ ಬಳಿ ಏನೂ ಇರಲಿಲ್ಲ. ಎದೆಯ ಮೇಲೆ ನಂಬರಿನ ಚೀಟಿ, ಸೊಂಟದಲ್ಲಿ ಖಾಲಿ ಬಾಟಲಿ. ಅವನ ಹೆಸರು ಕೇಳುವಷ್ಟರಲ್ಲಿ ಅವನು ಇನ್ನೊಬ್ಬ ಕುಂಟುವ ಓಟಗಾರನ ಕಡೆ ಹೋಗಿದ್ದ. ಹುಡುಗಿಯ ತಟ್ಟೆ ಬೇರೆಯವರ ಮುಂದಿತ್ತು.

ಅಲ್ಲಿಂದ ಮುಂದೆ ನಾನು ಯಾವ ಕೈಯನ್ನೂ ದಾಟಿ ಹೋಗಲಿಲ್ಲ. ಕೊಟ್ಟದ್ದನ್ನೆಲ್ಲ ತೆಗೆದುಕೊಂಡೆ. ಅರ್ಧ ಬಾಳೆಹಣ್ಣು, ಒಂದು ಐಸ್ ತುಂಡು, ಯಾರೋ ಅಜ್ಜಿ ತಲೆಯ ಮೇಲೆ ಸುರಿದ ಚೊಂಬು ನೀರು. ಸ್ವಲ್ಪ ದೂರ ಓಡಿ ಸ್ವಲ್ಪ ದೂರ ನಡೆದೆ. ಮರೀನ್ ಡ್ರೈವಿನ ಬಿಸಿಲಿನಲ್ಲಿ ಒಂದು ವಿಚಾರ ಮೆಲ್ಲನೆ ತಿಳಿಯಾಯಿತು. ಈ ಪಾತ್ರೆಗಳನ್ನು ಮರಳಿಸುವ ದಾರಿಯೇ ಇಲ್ಲ. ಕೊಟ್ಟವರ ಮನೆ ಗೊತ್ತಿಲ್ಲ, ಮುಖ ನೆನಪಿಲ್ಲ. ಅವರಿಗೂ ನಾನು ಸಾವಿರದಲ್ಲಿ ಒಬ್ಬಳು. ಇಂಥ ಕೊಡುಗೆಯಲ್ಲಿ ಸಾಲವೆಂಬುದೇ ಹುಟ್ಟುವುದಿಲ್ಲ. ಬೊರಿವಲಿಯ ನನ್ನ ಅಡುಗೆಕಟ್ಟೆಯ ಮೇಲೆ ಬೋರಲು ಬಿದ್ದಿದ್ದ ಪಾತ್ರೆಗಳ ಹಿಂದೆಯೂ ಯಾರೂ ಲೆಕ್ಕ ಬರೆದಿರಲಿಕ್ಕಿಲ್ಲ ಎಂದು ಅಂದು, ನಾಲ್ಕು ವರ್ಷಗಳ ಮೇಲೆ, ಮೊದಲ ಬಾರಿ ಅನಿಸಿತು. ಯಜಮಾನರು ಹೋದ ಮೇಲೆ ಜನರ ನಡುವೆ ಬಾರದಿದ್ದ ಅಳು ಆ ರಸ್ತೆಯಲ್ಲಿ ಬಂತು. ಬೆವರಿನ ಮುಖದಲ್ಲಿ ಅದು ಯಾರಿಗೂ ಬೇರೆಯಾಗಿ ಕಾಣಲಿಲ್ಲ.

ಆರು ಗಂಟೆ ಇಪ್ಪತ್ತನಾಲ್ಕು ನಿಮಿಷಕ್ಕೆ ನನ್ನ ಓಟ ಮುಗಿಯಿತು. ಕಾಲೇಜು ಹುಡುಗನೊಬ್ಬ ಕೊರಳಿಗೆ ಪದಕ ಹಾಕಿದ. ಮನೆಗೆ ಮರಳುವಾಗ ಸುರಂಗ ದಾರಿಯ ಮೆಟ್ಟಿಲನ್ನು ಮುಂದಾಗಿ ಇಳಿಯಲಾಗದೆ, ಕಂಬಿ ಹಿಡಿದು ಹಿಂದುಹಿಂದಾಗಿ ಇಳಿದೆ. ನನ್ನಂತೆಯೇ ಹಿಂದುಹಿಂದಾಗಿ ಇಳಿಯುತ್ತಿದ್ದ ಇನ್ನಿಬ್ಬರೊಡನೆ ನಕ್ಕೆ.

ಮರುದಿನ ಪತ್ರಿಕೆಯಲ್ಲಿ ಗೆದ್ದವರ ಸುದ್ದಿ ಓದಿದೆ. ಪುರುಷರಲ್ಲಿ ಮೊದಲಿಗನಾದವನು ಇಥಿಯೋಪಿಯದ ಡೆರಾರಾ ಹುರಿಸಾ. ಅವನು ತೆಗೆದುಕೊಂಡದ್ದು 2 ಗಂಟೆ 8 ನಿಮಿಷ 9 ಸೆಕೆಂಡು. ಈ ಓಟದಲ್ಲಿ ಅಂದಿಗೆ ಅದು ಹೊಸ ದಾಖಲೆ. ಅದನ್ನು 2023ರಲ್ಲಿ ಅವನ ದೇಶದವನೇ ಆದ ಹೈಲೆ ಲೆಮಿ ಮುರಿದ. ಆದರೆ ನನ್ನ ಕಣ್ಣು ನಿಂತದ್ದು ಇನ್ನೊಂದು ಸಾಲಿನ ಮೇಲೆ. ಪ್ರಯಾಣದಲ್ಲಿ ಹುರಿಸಾನ ಬೂಟುಗಳು ಕಳೆದುಹೋಗಿದ್ದವಂತೆ. ಜೊತೆಯ ಓಟಗಾರನೊಬ್ಬನಿಂದ ಎರವಲು ಪಡೆದ ಬೂಟು ತೊಟ್ಟು ಆತ ಓಡಿ ಗೆದ್ದಿದ್ದ. ಅಂದಿನ ಓಟದಲ್ಲಿ ಎಲ್ಲರಿಗಿಂತ ಮುಂದಿದ್ದವನೂ ಬಹಳ ಹಿಂದಿದ್ದ ನಾನೂ, ಇಬ್ಬರೂ ಪರರು ಕೊಟ್ಟದ್ದರ ಮೇಲೆಯೇ ಗೆರೆ ತಲುಪಿದ್ದೆವು.

ಎರಡು ತಿಂಗಳು ಕಳೆಯುವಷ್ಟರಲ್ಲಿ ಕೊರೊನಾ ಬಂದು ನಗರ ಮುಚ್ಚಿತು. ಒಂಟಿಯಾಗಿದ್ದ ನನ್ನ ಬಾಗಿಲಿಗೆ ನೆರೆಯವರು ಮತ್ತೆ ತರಕಾರಿ, ಹಾಲು, ಔಷಧಿ ತಂದಿಟ್ಟರು. ಈ ಸಲ ನಾನು ಬಾಗಿಲಲ್ಲೇ ನಿಂತು, "ಇವತ್ತು ಈರುಳ್ಳಿ ಇಲ್ಲ, ಸಿಕ್ಕರೆ ತನ್ನಿ" ಎಂದು ಕೇಳುವಷ್ಟು ಸಲೀಸಾಗಿದ್ದೆ. ಹಾಗೆ ಕೇಳಿದಾಗ ಎದುರುಮನೆಯ ಗುಜರಾತಿ ಬೆಹೆನ್ ಮುಖದಲ್ಲಿ ಕಂಡ ಸಂತೋಷ ಬೆಲ್ಲ ಹಾಕಿ ಪಾತ್ರೆ ಮರಳಿಸಿದಾಗಲೂ ನಾನು ಕಂಡದ್ದಲ್ಲ. ಪಡೆಯುವವರಿಲ್ಲದೆ ಕೊಡುವವರಿಗೂ ದಾರಿಯಿಲ್ಲ ಎಂಬುದನ್ನು ನಾವು ಸುಲಭವಾಗಿ ಮರೆಯುತ್ತೇವೆ. ವಯಸ್ಸಾದವರೂ ಕಾಯಿಲೆಯವರೂ ಒಂಟಿಯಾದವರೂ "ಯಾರಿಗೂ ಹೊರೆಯಾಗಬಾರದು" ಎಂದು ಹೇಳುವುದನ್ನು ನಾವೆಲ್ಲ ಕೇಳುತ್ತೇವೆ. ಆ ಮಾತಿನಲ್ಲಿ ಸ್ವಾಭಿಮಾನವಿದೆ, ನಿಜ. ಆದರೆ ಆ ಹೊರೆಯನ್ನು ಹೊರಲು ಕಾದು ನಿಂತವರ ಕೈಗಳನ್ನು ಅದು ಕೆಲವೊಮ್ಮೆ ಖಾಲಿಯಾಗಿಯೇ ಕಳಿಸುತ್ತದೆ.

2021 ಮತ್ತು 2022ರಲ್ಲಿ ಮುಂಬಯಿ ಮ್ಯಾರಥಾನ್ ನಡೆಯಲಿಲ್ಲ. 2023ರ ಜನವರಿ 15ರಂದು ಮತ್ತೆ ಆರಂಭವಾದಾಗ ನನ್ನ ಮಂಡಿ ಪೂರ್ಣ ದೂರಕ್ಕೆ ಒಪ್ಪಲಿಲ್ಲ. ಹಿಂದಿನ ದಿನ ಸಂಜೆ ಮಾರುಕಟ್ಟೆಯಿಂದ ನಾಲ್ಕು ಡಜನ್ ಕಿತ್ತಳೆ ತಂದೆ. ನಸುಕಿನಲ್ಲಿ ಅವನ್ನು ಸುಲಿದು, ತೊಳೆ ಬಿಡಿಸಿ, ಉಪ್ಪು ಸವರಿ, ಮುಚ್ಚಳದ ಡಬ್ಬಿಗಳಲ್ಲಿ ತುಂಬಿಕೊಂಡು ಪೆಡ್ಡರ್ ರೋಡಿನ ಏರಿಗೆ ಹೋಗಿ ನಿಂತೆ. ಆ ವಾಚ್‌ಮನ್ ಹುಡುಗ ಅಲ್ಲಿರಲಿಲ್ಲ. ಕಟ್ಟಡದ ಬಾಗಿಲಲ್ಲಿ ಬೇರೆ ಯಾರೋ ಇದ್ದರು. ಒಂಬತ್ತೂವರೆಯ ಹೊತ್ತಿಗೆ, ಕಾಲೆಳೆಯುತ್ತ ಬಂದ ಒಬ್ಬ ಹಿರಿಯರು ನನ್ನ ತಟ್ಟೆಯ ಮುಂದೆ ತಡೆದು ನಿಂತರು. ತೆಗೆದುಕೊಳ್ಳಲೋ ಬೇಡವೋ ಎಂಬ ಅನುಮಾನ ಅವರ ಮುಖದಲ್ಲಿತ್ತು. ನಾನು ತಟ್ಟೆಯನ್ನು ಇನ್ನಷ್ಟು ಹತ್ತಿರ ಹಿಡಿದು, "ಥೋಡಾ ಹೀ ಬಾಕೀ ಹೈ" ಎಂದೆ.